ಬಾಕಿ

ಸೂರ್ ಊರಿನ ಇತಿಹಾಸ ಸಂಘಕ್ಕೆ ಇರುವುದು ಒಂದು ಹಳೇ ವರ್ತಕನ ಮನೆ,
ಎರಡು ಅಂತಸ್ತು, ಸುಣ್ಣದ ಗೋಡೆ, ಕೆತ್ತಿದ ಬಾಗಿಲು.
ಒಂದು ಬೀಗದಕೈ ಕಾರ್ಯದರ್ಶಿ ರಾಶಿದನ ಕಿಸೆಯಲ್ಲಿ,
ಇನ್ನೊಂದು ನನ್ನ ಸೆರಗಿನ ಪಿನ್ನಿನಲ್ಲಿ.
ಗುಡಿಸುವವಳು ಮೊದಲು ಬರಬೇಕಲ್ಲ.

ಮರಳು ನನಗಿಂತ ಮೊದಲೇ ಬಂದಿರುತ್ತದೆ.
ಕಿಟಕಿಯ ಸಂದಿಗೆ ಬಟ್ಟೆ ತುರುಕಿದರೂ
ಗೇಣುದ್ದದ ಹಡಗುಗಳ ಹಾಯಿಯ ಮೇಲೆ,
ದಿಕ್ಸೂಚಿಯ ಗಾಜಿನ ಮೇಲೆ,
ಫೋಟೋದಲ್ಲಿ ಸಾಲಾಗಿ ಕೂತ ನಾಖುದಾರ ಗಡ್ಡದ ಮೇಲೆ.
ಮೇಲಿನ ಕೋಣೆಯ ದಫ್ತರಗಳನ್ನು ನಾನು ಮುಟ್ಟುವಂತಿಲ್ಲ,
ಅವುಗಳ ಕಪಾಟಿನ ಕಾಲುಗಳನ್ನು ಮಾತ್ರ ಒರೆಸುತ್ತೇನೆ.

ಹೋದ ತಿಂಗಳು ಖಮೀಸಜ್ಜ
ತನ್ನ ಅಜ್ಜಿಯ ಹಿತ್ತಾಳೆ ಮೊಳೆಯ ಪೆಟ್ಟಿಗೆ ತಂದುಕೊಟ್ಟ.
ಅದರೊಳಗಿನದೊಂದು ಚೀಟಿ
ಹದಿನಾಲ್ಕನೇ ಗಾಜಿನ ಕೆಳಗೆ ಮಲಗಿತು.
ಪಕ್ಕದ ಕಾರ್ಡನ್ನು ಅಕ್ಷರ ಕೂಡಿಸಿ ಓದಿದೆ:
ತಾಯಿತದ ಕಾಗದ. ಬಿರುಗಾಳಿಗೆ, ಜ್ವರಕ್ಕೆ.
ಲಿಪಿ ತಿಳಿದಿಲ್ಲ.

ಗಾಜಿಗೆ ಹೊಡೆದ ನೀರು ಇಳಿದ ಮೇಲೆ
ಮೊದಲು ಕಂಡದ್ದು ಒಂದು ಕೊಂಬು.
ಆಮೇಲೆ ಆ ಕೊಂಬು ಹೊತ್ತ ಮು.
ಆಮೇಲೆ ಡಿ.

ಗಂಗೊಳ್ಳಿ ಬಂದರ.
ಅಕ್ಕಿ ಮುಡಿ ಮೂರು. ಹುರಿಹಗ್ಗ ಎರಡು ಸುತ್ತು. ಬೆಲ್ಲ ಒಂದು ಕೊಡ.
ಮಳೆಗಾಲ ಕಳೆದು ಹಡಗು ತಿರುಗಿ ಬಂದಾಗ ಕೊಡತಕ್ಕದ್ದು.
ಬಾಕಿ.

ಏಳನೇ ಕ್ಲಾಸಿನ ಕನ್ನಡ ಟೀಚರೇ,
ಕಾಗುಣಿತ ತಪ್ಪಿದ್ದಕ್ಕೆ ನೀವು ಕೊಟ್ಟ ಪೆಟ್ಟುಗಳನ್ನೆಲ್ಲ
ಒರೆಸುಬಟ್ಟೆ ಹಿಡಿದು ನಿಂತಲ್ಲೇ ಮಾಫಿ ಮಾಡಿದೆ.

ಹೇಳಲೋ ಬೇಡವೋ ಎಂದು ನಾಲ್ಕು ದಿನ ತೆಗೆದುಕೊಂಡೆ.
ನನ್ನ ವೀಸಾದಲ್ಲಿ ಓದುವ ಕೆಲಸ ಬರೆದಿಲ್ಲ.
ಐದನೇ ದಿನ ಸಂಘದ ಸಭೆ: ಆರು ಗಂಡಸರು, ಖರ್ಜೂರ, ಕಹ್ವಾ.
ಖಾಲಿ ಲೋಟ ಎತ್ತಲು ಹೋದವಳು ಬಾಯಿಬಿಟ್ಟೆ.

ಓದು ಎಂದರು. ಓದಿದೆ.
ನನ್ನ ಮಾತು ಆ ಮನೆಯ ತೊಲೆಗೆ ತಾಗಿ ಕೆಳಗಿಳಿಯಿತು,
ಯಾರಿಗೂ ಒಂದಕ್ಷರ ಹತ್ತಲಿಲ್ಲ,
ಕೊನೆಯ ಪದದ ತನಕ.

'ಬಾಕಿ?' ಖಮೀಸಜ್ಜ ಕೋಲೂರಿ ಎದ್ದ.
'ಬಾಕಿ ನಮ್ಮ ಮಾತು.'
ನಮ್ಮದೂ, ಎಂದೆ.
ಊರಿನ ಎಲ್ಲ ಅಂಗಡಿಯಲ್ಲೂ ನನ್ನಪ್ಪನ ಹೆಸರಿನ ಪಕ್ಕ
ಅದನ್ನೇ ಬರೆದಿದ್ದರು ಎಂದು ಹೇಳಲಿಲ್ಲ.

ಅಜ್ಜನಿಗೆ ನಗುವೋ ಸಿಟ್ಟೋ ತಿಳಿಯದು.
ತಗಡಿನ ಕೊಳವೆಯಲ್ಲಿ ಆ ಚೀಟಿ ಕಟ್ಟಿ
ಏಳು ವರ್ಷ ಕೊರಳಲ್ಲಿ ಹೊತ್ತವನು ಅವನು.
'ಜ್ವರ ಬಿಟ್ಟಿತ್ತಲ್ಲ' ಎಂದ.
ಯಾರೂ ಇಲ್ಲವೆನ್ನಲಿಲ್ಲ.
ಸ್ವಲ್ಪ ಹೊತ್ತಿನ ಮೇಲೆ ಕೇಳಿದ:
ಒಂದು ಮುಡಿ ಅಂದರೆ ಎಷ್ಟು?

ಕಸಬರಿಕೆ ಗೋಡೆಗೊರಗಿಸಿ
ಎರಡೂ ತೋಳು ಬಳಸಿ ತೋರಿಸಿದೆ, ಇಷ್ಟು ದಪ್ಪ,
ಹೊರಗೆ ಹುಲ್ಲು, ಸುತ್ತ ಹಗ್ಗ, ಎತ್ತಲು ಇಬ್ಬರು ಬೇಕು.
ಯಾರಿಗೆ ಕೊಡಬೇಕಿತ್ತು?
ಸಾಹುಕಾರನ ಹೆಸರನ್ನು ಹುಳ ತಿಂದಿದೆ, ಉಳಿದದ್ದು 'ಯ್ಯ'.
ನಮ್ಮ ಕರಾವಳಿಯಲ್ಲಿ ಅರ್ಧ ಜನ ಯ್ಯ, ಎಂದೆ.

ರಾಶಿದ್ ಹೊಸ ಕಾರ್ಡು ಬರೆಸಿದ. ಹಳೆಯದನ್ನು ತೆಗೆಯಲಿಲ್ಲ.
ದಾಖಲೆ ಪುಸ್ತಕದಲ್ಲಿ 'ಓದಿದವರು' ಎಂಬಲ್ಲಿ
ನನ್ನ ಕೈಗೇ ಪೆನ್ನು ಕೊಟ್ಟ.
ಐರಿನ್ ಬರೆಟ್ಟೊ ಎಂದು ಕನ್ನಡದಲ್ಲೇ ಬರೆದೆ.
ಬ ಅಕ್ಷರ ನಡುಗಿ ಚ ಆಗುವುದರಲ್ಲಿತ್ತು.

ಮರುದಿನ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಖಮೀಸಜ್ಜ,
ಕಾಲ ಬಳಿ ಹತ್ತು ಕಿಲೋ ಬಾಸ್ಮತಿ ಚೀಲ.
'ಒಂದು ಕಂತು' ಎಂದ.
ತಗೊಳ್ಳಲು ನಾನು ಯಾವ ಯ್ಯನ ಮೊಮ್ಮಗಳೂ ಅಲ್ಲ.
ಬೇಡವೆನ್ನಲು ಬಾಯಿ ಬರಲಿಲ್ಲ.

ರಾಶಿದನಿಗೂ ಏನು ಮಾಡಲು ತಿಳಿಯದೆ
ಅದಕ್ಕೊಂದು ನಂಬರು ಕೊಟ್ಟ.
ಚೀಲ ಇನ್ನೂ ಮೆಟ್ಟಿಲ ಕೆಳಗೇ ಇದೆ.
ಅದರ ಮೇಲೂ ಮರಳು ಕೂರುತ್ತದೆ,
ದಿನಾ ಒರೆಸುತ್ತೇನೆ.