ಕುತ್ತಿಗೆಯ ಕೆಳಗೆ

ಭಾನುವಾರ ಬಲಿಪೂಜೆ ಮುಗಿಸಿ ಆಂತಪ್ಪ ಬರುವ ಹೊತ್ತಿಗೆ
ಲಷ್ಕರ್ ಮೊಹಲ್ಲಾದ ಟೀ ಅಂಗಡಿಯಲ್ಲಿ
ನಾವು ಮೂವರು ಕಾದಿರುತ್ತೇವೆ.
ನಾಲ್ವರದೂ ಒಂದೇ ಕಾಯಿಲೆ, ಬೇಸ್ ಗಿಟಾರು.
ಮದುವೆ ಆಲ್ಬಮ್ಮುಗಳಲ್ಲಿ ಸ್ಪೀಕರಿನ ಹಿಂದೆ
ಅರ್ಧ ತೋಳಾಗಿ ಮಾತ್ರ ಕಾಣಿಸುವವರು.

ಈ ವಾರವೂ ಅದೇ ಮಾತು:
ಮುನೀರ್ ಸಾಬರ ಕಾರ್ಖಾನೆ ಉಳಿಯುತ್ತದೋ, ಹೋಗುತ್ತದೋ.

ಮಂಡಿ ಮೊಹಲ್ಲಾದ ಓಣಿಯಲ್ಲಿ
ಬೀಟೆಯೊಳಗೆ ಬಿಳಿ ಆನೆ ಕೂರಿಸುತ್ತಿದ್ದ ಕೈ ಅದು.
ಒಂದು ದಿನ ಯಾರದೋ ಮುರಿದ ಗಿಟಾರು ಕೂಡಿಸಿಕೊಟ್ಟಿತು,
ಆಮೇಲೆ ತಾನೇ ಒಂದು ಮಾಡಿತು.
ಹಲಸಿನ ಮೈ, ಬೀಟೆಯ ಪಟ್ಟಿ,
ಹನ್ನೆರಡನೇ ಮೆಟ್ಟಿಲಲ್ಲಿ ಅಕ್ಕಿಕಾಳಿನಷ್ಟು ಆನೆ.
ದಪ್ಪ ತಂತಿ ಮೀಟಿದರೆ
ಮೇಜಿನ ಮೇಲಿನ ಲೋಟದ ನೀರು
ತಾನಾಗಿ ಉಂಗುರ ಬರೆಯುತ್ತಿತ್ತು.

ದುಡ್ಡು ಹಾಕುವವರು ಬಂದರು.
ಕೂರ್ಗಳ್ಳಿಯಲ್ಲಿ ಶೆಡ್ಡು, ಬಣ್ಣದ ಬೋರ್ಡು, ತಿಂಗಳಿಗೆ ಇನ್ನೂರು.
ಆನೆ ಸ್ಟಿಕ್ಕರಾಯಿತು.

"ಸ್ಟಿಕ್ಕರಲ್ಲ ಕಣಯ್ಯಾ ತೊಂದರೆ," ಅಂದ ಆಂತಪ್ಪ,
"ಮರ ಒಣಗೋವರೆಗೆ ಕಾಯೋ ಪುರುಸೊತ್ತಿಲ್ಲ ಅವರಿಗೆ.
ಹಸಿಮರಕ್ಕೆ ತಂತಿ ಬಿಗಿದರೆ
ಕುತ್ತಿಗೆ ತಿರುಚದೆ ಇನ್ನೇನು ಮಾಡುತ್ತೆ?
ನಂದು ಕ್ರಿಸ್ಮಸ್ ರಾತ್ರಿ, ಪೂಜೆ ನಡುವೆ, ಸೊಟ್ಟಗಾಯ್ತು.
ಬಾಲಯೇಸುವಿನ ಮುಂದೆ ಅಪಸ್ವರ."

ಜವರೇಶ ಮಂಡ್ಯದ ಆರ್ಕೆಸ್ಟ್ರಾದವನು. ಅವನಿಗೆ ದೂರೇ ಇಲ್ಲ.
"ಮಳೇಲಿ ನೆಂದದೆ, ಟೆಂಪೋದಿಂದ ಬಿದ್ದದೆ,
ಆಲೆಮನೆ ಪಕ್ಕ ರಾತ್ರಿಯೆಲ್ಲ ಮಲಗದೆ,
ಇನ್ನೂವೆ ಗುಂಯ್ ಅಂತದೆ.
ಆ ದುಡ್ಡಿಗೆ ಇನ್ನೇನ್ ಅರಮನೆ ಕೊಟ್ಟಾರಾ?"

ಆ ಗುಂಯ್ ಸ್ವರವಲ್ಲ ಮಾರಾಯ, ಅರ್ಥಿಂಗ್ ಸರಿಯಿಲ್ಲ, ಅಂದೆ ನಾನು.
ಕರೆಂಟು ಕಂಬ ಹತ್ತಿ ಬದುಕುವವನು, ಅಷ್ಟು ಗೊತ್ತು.

ವಾರಿಜಾಕ್ಷಿ ಬ್ಯಾಂಕಿನವಳು.
ಸ್ವರದ ಸುದ್ದಿಗೇ ಬರಲಿಲ್ಲ.
ಸಕ್ಕರೆ ಕಲಕುತ್ತ, "ಮೂರನೇ ನೋಟೀಸು ಹೋಗಿದೆ" ಅಂದಳು,
ಆಮೇಲೆ, "ನಾನು ಹೇಳಿದೆ ಅನ್ನಬೇಡಿ."
ಸ್ವಲ್ಪ ಹೊತ್ತು ಯಾರೂ ಬನ್ನು ಮುಟ್ಟಲಿಲ್ಲ.

ಮುಚ್ಚಿದರೆ ಹಳೆಯ ಆನೆಯವಕ್ಕೆ ಬೆಲೆ ಬರುತ್ತದೆ.
ಲೆಕ್ಕ ಎಲ್ಲರ ತಲೆಯಲ್ಲೂ ಓಡಿತು, ಒಬ್ಬರೂ ಬಾಯಿಬಿಡಲಿಲ್ಲ.
ಆಂತಪ್ಪನ ಮನೆಯಲ್ಲಿ ಅಂಥವು ಎರಡಿವೆ.

ನನ್ನ ಮಡಿಲಲ್ಲಿದ್ದದ್ದು ಹೊಸದು, ಅರ್ಧ ಬೆಲೆಗೆ ಬಿಟ್ಟ ಮಾಲು.
ಏಳನೇ ಮೆಟ್ಟಿಲಲ್ಲಿ ಸ್ವರ ಸಾಯುತ್ತಿತ್ತು.
ಅಲ್ಲೇ ಬೆಂಚಿನ ಮೇಲೆ ನಾಲ್ಕು ಸ್ಕ್ರೂ ಬಿಚ್ಚಿ ಕುತ್ತಿಗೆ ಎತ್ತಿದೆ.
ಸಂದಿಯಲ್ಲಿ ಮಡಿಸಿಟ್ಟ ಕಾಗದ,
ಸಿಟಿ ಬಸ್ಸಿನ ಟಿಕೀಟು. ಕೂರ್ಗಳ್ಳಿಯಿಂದ ಸಿಟಿ ಸ್ಟ್ಯಾಂಡು.
ನಾಲ್ಕು ಮಡಿಕೆ, ಅಂಚನ್ನು ಉಗುರಲ್ಲಿ ತೀಡಿದ್ದಾರೆ.

"ನೋಡಿದ್ರಾ? ಕಸ ತುರುಕಿದ್ದಾರೆ," ಆಂತಪ್ಪ.
"ಕಸ ಅಲ್ಲ, ಅಳತೆ," ವಾರಿಜಾಕ್ಷಿ,
"ಕುತ್ತಿಗೆ ಕೂದಲೆಳೆಯಷ್ಟು ಬಾಗಬೇಕಿತ್ತು.
ತೆಳುಹಲಗೆ ಕೊಟ್ಟಿರಲ್ಲ ಕಂಪನಿ.
ಯಾರೋ ತಮ್ಮ ಜೇಬಿಗೇ ಕೈಹಾಕಿದ್ದಾರೆ."

ಜವರೇಶ ಟಿಕೀಟನ್ನು ಬಿಸಿಲಿಗೆ ಹಿಡಿದ.
ಮಾಸಿದ ಅಕ್ಷರ: ರಾತ್ರಿ ಒಂಬತ್ತೂ ಮುಕ್ಕಾಲು.
"ಶಿಫ್ಟು ಬಿಡೋದು ಆರಕ್ಕೆ," ಅಂದ, ಅಷ್ಟೇ.

ಅದೇ ಮಡಿಕೆಗೆ ಮಡಿಸಿ ಅದೇ ಸಂದಿಗೆ ಇಟ್ಟೆ. ಸ್ಕ್ರೂ ಬಿಗಿದೆ.
ಏಳನೇ ಮೆಟ್ಟಿಲಲ್ಲಿ ಈಗಲೂ ಸಾಯುತ್ತದೆ.
ಆರರಲ್ಲಿ ಇಲ್ಲ, ಎಂಟರಲ್ಲಿ ಇಲ್ಲ.

ಕರೆಂಟಿಲ್ಲದ ಬೇಸು
ದವಡೆಯನ್ನು ಮರಕ್ಕೆ ಒತ್ತಿದರೆ ಮಾತ್ರ ಕೇಳುತ್ತದೆ.
ಒಬ್ಬೊಬ್ಬರಾಗಿ ಬಗ್ಗಿ ಒತ್ತಿದರು,
ಆಂತಪ್ಪ ಎಲ್ಲರಿಗಿಂತ ಹೆಚ್ಚು ಹೊತ್ತು.
ಲೋಟ ಎತ್ತಲು ಬಂದ ಹುಡುಗನೂ ದವಡೆ ಇಟ್ಟ.
"ದೂರದಲ್ಲಿ ಬಸ್ಸು ಬರ್ತಾ ಇರೋ ಹಾಗಿದೆ ಅಣ್ಣಾ,"
ಅಂದವನು, ಬೆಂಚು ಒರೆಸತೊಡಗಿದ.