ಮುಕ್ಕಾಲು

ಎರ್ವಿನ್ ಕುಬೆಂಕಾ ಪೆಡಲನ್ನು ನನ್ನ ಮೇಜಿನ ಮೇಲಿಟ್ಟ,
ಆಮೆಯನ್ನು ಅಂಗಾತ ಮಲಗಿಸಿದ ಹಾಗೆ.
"ಗಂಟಲು ಕಟ್ಟಿದೆ ಇದಕ್ಕೆ, ಓರಾಲಿಯಾ.
ಶನಿವಾರ ಹವ್ಲಿಕ್ ಹಾಲ್‌ನಲ್ಲಿ ಮರ್ಯಾದೆ ತೆಗೀತು.
ವಾಲ್ಟ್ಸ್ ನಡುವೆ ಕರಕರ ಕರಕರ,
ಮೈಕಿನ ಮುಂದೆ ಯಾರೋ ಚಿಪ್ಸ್ ಅಗಿದ ಹಾಗೆ."

ಮೊದಲು ಕೇಬಲ್ ಬದಲಿಸಿ ನೋಡಿದೆ. ಅಲ್ಲ.
ಜಾಕಿನ ನಟ್ಟು ಬಿಗಿದೆ. ಅಲ್ಲ.
ಪೆಡಲನ್ನು ಬಿಟ್ಟು ನೇರ ಆಂಪಿಗೆ ಕೊಟ್ಟೆ:
ಸ್ಟೀಲು ತಿಳಿಯಾಗಿ ನುಡಿಯಿತು.
ಅಂದರೆ ತಪ್ಪು ಕೈಯದ್ದಲ್ಲ, ತಂತಿಯದ್ದಲ್ಲ,
ಕಾಲಿನ ಕೆಳಗಿನದ್ದು.
"ನಾನು ಹೇಳಲಿಲ್ವಾ," ಎಂದ,
ಯಾವಾಗಲೂ ಹೇಳುವ ಹಾಗೆ.

ನಾಲ್ಕು ತಿರುಪು. ತಳದ ತಗಡು ತೆಗೆದರೆ
ಒಳಗೊಂದು ಹಿಡಿ ಮೆಕ್ಕೆಜೋಳದ ಹಿಟ್ಟು.
ಕುಣಿಯುವವರ ಬೂಟು ಸಲೀಸಾಗಿ ಜಾರಲೆಂದು
ನೆಲಕ್ಕೆ ಎರಚುತ್ತಾರಲ್ಲ, ಅದೇ.
ಇಪ್ಪತ್ತೆರಡು ವರ್ಷದ ಪೋಲ್ಕಾ, ಪುಡಿಯಾಗಿ.
ಜತೆಗೆ ಬಿಯರಿನ ಅಂಟು, ಯಾರದೋ ಓಲೆಯ ತಿರುಪು,
ಒಣಗಿಹೋದ ಜೇಡ.
ಗುಡಿಸಿದೆ. ಅಂಗಡಿಯ ಬೆಕ್ಕು ಮೂಸಿ ನೋಡಿ ಹೋಯಿತು.

ಈ ಪೆಡಲಿನ ಜೀವವೆಲ್ಲ ಒಂದು ದಾರ.
ತುಳಿದರೆ ದಾರ ಎಳೆಯುತ್ತದೆ, ಎಳೆದರೆ ಗಾಲಿ,
ಗಾಲಿ ತಿರುಗಿದರೆ ಪಾಟ್, ಪಾಟ್ ತಿರುಗಿದರೆ
ಲೋಕಕ್ಕೆ ಕೇಳಿಸುತ್ತದೆ.
ಇದು ಮೀನು ಹಿಡಿಯುವ ದಾರ, ಅವನೇ ಯಾವತ್ತೋ ಕಟ್ಟಿದ್ದು.
ಆ ಗಂಟಿಗೆ ನನ್ನ ಅರ್ಧ ಗಂಟೆ ಹೋಯಿತು.
ಅವನು ಕಿಟಕಿಯಾಚೆ ಹೈವೇ ನೋಡುತ್ತ ಕೂತಿದ್ದ.

ಹೊಸ ಪಾಟ್ ಡಬ್ಬಿಯಲ್ಲೇ ಇತ್ತು.
ಹಳೆಯದನ್ನು ಬಿಚ್ಚಬೇಕೆಂದೇನೂ ಇರಲಿಲ್ಲ. ಬಿಚ್ಚಿದೆ.
ಅಪ್ಪ ಟೀವಿ ರಿಪೇರಿಯವನು;
ಯಾಕೆ ಸತ್ತಿತೆಂದು ನೋಡದೆ ಯಾವುದನ್ನೂ ಎಸೆಯಗೊಡುತ್ತಿರಲಿಲ್ಲ.
ಒಳಗೆ ಕುದುರೆಲಾಳದಂಥ ಕರಿ ಪಟ್ಟಿ,
ಒಂದೇ ಕಡೆ ಸವೆದು ಬೋಳಾಗಿತ್ತು.
ಅಷ್ಟೇ ಜಾಗದಲ್ಲಿ ಅವನ ಪಾದ ಇಷ್ಟು ಕಾಲ ಸಂಸಾರ ಮಾಡಿದೆ.
ಅಲ್ಲಿಂದಾಚೆ, ಕೊನೆಯ ಕಾಲು ಭಾಗ,
ತಂದ ದಿನದ ಹಾಗೆ ಮಿರಮಿರ.

ಭೂತಗನ್ನಡಿ ಕೊಟ್ಟೆ.
"ಎರ್ವಿನ್, ಒಂದು ಸಲವೂ ಪೂರ್ತಿ ತುಳಿದಿಲ್ಲವೇ?"

ಹ್ಯಾಟು ತೆಗೆದು ಮತ್ತೆ ಹಾಕಿಕೊಂಡ.
"ಮೀಟುವಾಗ ಹಿಮ್ಮಡಿ ಊರಿರಬೇಕು. ತಂತಿ ಆಗ ಚೀರುತ್ತೆ,
ಅದು ಯಾರಿಗೂ ಕೇಳಿಸಬಾರದು.
ಸ್ವರ ಸಾಯೋಕೆ ಹೊರಟಾಗ ಮೆಲ್ಲಗೆ ತುಳಿ.
ಅದು ಬಾಡಿದಷ್ಟೂ ನೀನು ಒತ್ತು.
ಜನ ಅದನ್ನ ಅಳು ಅಂತಾರೆ. ಮಣ್ಣು! ಬರೀ ಲೆಕ್ಕ.
ಮುಕ್ಕಾಲು ನನ್ನದು. ಉಳಿದ ಕಾಲು ಲಿಡ್ಡಿಯದು."

ಲಿಡ್ಡಿ ಮಿಕುಲಾ, ಹಾಡುವವಳು.
ಮೇಲಕ್ಕೆ ಏರುವಾಗ ಎಂದಾದರೂ ಅವಳ ದನಿ ಒಡೆದರೆ
ಬಿರುಕಿನ ಮೇಲೆ ಹೊದಿಸಲು ಏನಾದರೂ ಬೇಕಲ್ಲ.
ಅದಕ್ಕೆಂದು ಎತ್ತಿಟ್ಟದ್ದು.
"ಒಡೆಯಿತೇ?"
"ಎಲ್ಲಿ ಒಡೀತು!" ದನಿಯಲ್ಲಿ ಅರ್ಧ ದೂರು.
"ಎಪ್ಪತ್ತು ದಾಟಿದ ಹೆಂಗಸು. ಇನ್ನೂ ಚರ್ಚಿನ ಗಂಟೆ."

ಹೊಸ ಪಾಟ್ ಕೂರಿಸಿದೆ. ದಾರ ಎರಡೂವರೆ ಸುತ್ತು,
ಒಂದರ ಮೇಲೊಂದು ಹತ್ತದ ಹಾಗೆ. ಸ್ಪ್ರಿಂಗಿಗೆ ಕೊಕ್ಕೆ.
ಹಿಮ್ಮಡಿ ಊರಿದರೆ ಪೂರ್ತಿ ಮೌನ,
ಬೆರಳು ಊರಿದರೆ ಪೂರ್ತಿ ದನಿ:
ಗಾಲಿಯ ಪುಟ್ಟ ತಿರುಪನ್ನು ಮೂರು ಸಲ ಸಡಿಲಿಸಿ, ಬಿಗಿದು,
ಅಂತೂ ಹದಕ್ಕೆ ತಂದೆ.

ಸ್ಟೀಲಿನ ಮುಂದೆ ಕೂತು ಒಂದು ತಂತಿ ಮೀಟಿದ.
ಏನೂ ಕೇಳಿಸಲಿಲ್ಲ. ಆಮೇಲೆ,
ಶುರುವೇ ಇಲ್ಲದ ಒಂದು ಸ್ವರ
ಬೆಳಿಗ್ಗೆಯಿಂದ ಅಂಗಡಿಯಲ್ಲೇ ಇದ್ದ ಹಾಗೆ ಇತ್ತು.

"ಕೊನೆಯವರೆಗೂ ತುಳಿ," ಅಂದೆ, "ಪರೀಕ್ಷೆ ಮಾಡಬೇಕು."
ಬೂಟಿನ ತುದಿ ಮುಕ್ಕಾಲಿಗೆ ಬಂದು ನಿಂತಿತು.
"ಅದನ್ನ ನೀನೇ ಒತ್ತು."

ನೆಲಕ್ಕೆ ಮಂಡಿಯೂರಿ ಅಂಗೈಯಿಂದ ಒತ್ತಿದೆ.
ಕಪಾಟಿನ ಗಾಜು ಝಣಗುಟ್ಟಿತು. ಬೆಕ್ಕು ಹಿತ್ತಲಿಗೆ ಓಟ.
ಕರಕರ ಇಲ್ಲ.

ನಲವತ್ತು ಡಾಲರ್, ಅಂದೆ.
ಮೂವತ್ತು ಎಣಿಸಿ ಕೊಟ್ಟ.
ಉಳಿದದ್ದು ಶನಿವಾರ, ಎಂದ.