ಎಡದಿಂದ ನಲವತ್ತು, ಮೇಲಿನಿಂದ ಏಳುನೂರು

ಕೋತ್ಕಾದ ಕಾಗದ ಗಿರಣಿಯಲ್ಲಿ, ಮೂರನೇ ಯಂತ್ರದ ಬಳಿ,
ಹದಿನೆಂಟು ವರ್ಷ ಉರಿದ ಪರದೆ
ಮಾರ್ಚ್ ತಿಂಗಳ ಒಂದು ಮಂಗಳವಾರ ಕಣ್ಣು ಮುಚ್ಚಿತು.
ಹೊಸದು ಬಂತು, ಊಟದ ಮೇಜಿನಷ್ಟು ಅಗಲ.
ಅದರೊಳಗೆ ಹಳೆಯ ಪ್ರೋಗ್ರಾಮು ಎದ್ದು ಕೂತಾಗ
ನಾನು ನಕ್ಕೆ, ತೈಸ್ತೊ ನಗಲಿಲ್ಲ:
ಗುಂಡಿಗಳು, ಅಳತೆಪಟ್ಟಿಗಳು, ಪುಟ್ಟ ದೀಪಗಳು
ಮೇಲಿನ ಎಡಮೂಲೆಯಲ್ಲಿ ಒತ್ತೊತ್ತಾಗಿ,
ಹಡಗಿನ ಖಾಲಿ ಹಜಾರದಲ್ಲಿ
ಬಾಗಿಲಿಗೇ ಅಂಟಿ ನಿಂತ ಪ್ರಯಾಣಿಕರ ಹಾಗೆ.
ಉಳಿದದ್ದೆಲ್ಲ ಬೂದು.

ಒಳಗಿಳಿದು ನೋಡಿದೆ. ಬರೆದವನು ಸಿಕ್ಸ್‌ಟೆನ್,
ಸ್ವೀಡನ್ನಿನವನು, ಈಗ ಎಲ್ಲಿದ್ದಾನೋ.
ಪ್ರತಿ ಗುಂಡಿಗೂ ಮೊಳೆ ಹೊಡೆದಿದ್ದ:
ಎಡದಿಂದ ಇಷ್ಟು, ಮೇಲಿನಿಂದ ಇಷ್ಟು,
ಅಗಲ ಎಂಬತ್ತು ಪಿಕ್ಸೆಲ್, ಎತ್ತರ ನಲವತ್ತು.
ನಡುವೆ ಒಂದೇ ಸಾಲಿನ ಟಿಪ್ಪಣಿ:
'ಕಿಟಕಿ ಹಿಗ್ಗುವುದಿಲ್ಲ ಎಂದುಕೊಂಡಿದ್ದೇನೆ.'
ಏನೂ ಅಂದುಕೊಳ್ಳದೆ ಯಾರು ಏನು ಕಟ್ಟಿದ್ದಾರೆ?

ಅವನ ಭಾಷೆಯಲ್ಲಿ 'ನ್ಯೋಡ್‌ಸ್ಟೊಪ್',
ಎಂಬತ್ತರಲ್ಲಿ ಆರಾಮಾಗಿ ಕೂರುವ ಮಾತು.
ನಮ್ಮದರಲ್ಲಿ 'ಹ್ಯಾತ್ಯಾಪುಸ್ಯಾಯ್ತುಸ್', ಬಾಲ ಉದ್ದ.
ಮಿಕ್ಕಿದ್ದನ್ನು ಅಂಚು ಕತ್ತರಿಸಿತ್ತು.
ಉಳಿದದ್ದು 'ಹ್ಯಾತ್ಯಾ', ಅಂದರೆ ಆಪತ್ತು;
'ನಿಲ್ಲಿಸು' ಎಂಬುದು ಗೆರೆಯಾಚೆ ಬಿದ್ದುಹೋಗಿತ್ತು.
ಹದಿನೆಂಟು ವರ್ಷ ತೈಸ್ತೊ
ಬರೀ ಆಪತ್ತನ್ನೇ ಒತ್ತುತ್ತಿದ್ದ, ಯಂತ್ರ ನಿಲ್ಲುತ್ತಿತ್ತು.
(ಗೋಡೆಯ ಮೇಲೆ ಅಣಬೆಯಂಥ ಕೆಂಪು ಗುಂಡಿ ಬೇರೆಯೇ ಇದೆ.
ಅದು ಅಣ್ಣ, ಇದು ತಮ್ಮ.)

ಮೊಳೆ ಕಿತ್ತೆ. ಮೂರು ವಾರ ಹಿಡಿಯಿತು.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ,
ಹಾಸಿಗೆಯೇ ಕಾಲು ಚಾಚಿದರೆ?
ಜಾಗ ಹೇಳುವುದನ್ನು ಬಿಟ್ಟು ನೆಂಟಸ್ತನ ಹೇಳಿದೆ:
ನೀನು ಅವಳ ಬಲಕ್ಕೆ, ನೀನು ಇವನ ಕೆಳಗೆ,
ಹಿಗ್ಗುವುದಿದ್ದರೆ ನಕ್ಷೆ ಹಿಗ್ಗಲಿ, ಹೆಸರುಪಟ್ಟಿ ಬೇಡ,
ಕುಗ್ಗುವಾಗ ಎಲ್ಲರೂ ಸ್ವಲ್ಪ ಸ್ವಲ್ಪ ಕುಗ್ಗಿ,
ಇದಕ್ಕಿಂತ ಕಿರಿದಾಗಬೇಡಿ, ಉಸಿರು ಕಟ್ಟುತ್ತದೆ.
ಏನೂ ಇಲ್ಲದ ಕಡೆ ಏನೂ ಇಲ್ಲದ್ದನ್ನೇ ಇಟ್ಟೆ:
ಕಾಣದ ಸ್ಪ್ರಿಂಗು, ಎರಡು ಬದಿಯಿಂದ ದೂಡುತ್ತ
ನಡುವಿನವರನ್ನು ನಡುವೆಯೇ ಇರಿಸುವಂಥದ್ದು.
ಶನಿವಾರ ಸೌನಾದಲ್ಲೂ ಹೀಗೇ,
ತಡವಾಗಿ ಬಂದ ಅತ್ತೆಗೆ ಯಾರೂ ಅಳತೆ ಹಿಡಿಯುವುದಿಲ್ಲ;
ಹಲಗೆಯುದ್ದಕ್ಕೂ ಬೆವೆತ ತೊಡೆಗಳು ಒಂದೊಂದು ಗೇಣು ಸರಿಯುತ್ತವೆ,
ಮಾತು ನಿಲ್ಲುವುದಿಲ್ಲ.

ಚೆಂದವಾಯಿತು. ಕಿಟಕಿಯ ಮೂಲೆ ಹಿಡಿದು ಎಳೆದೆ, ಬಿಟ್ಟೆ,
ಮತ್ತೆ ಎಳೆದೆ, ಅಕಾರ್ಡಿಯನ್ ನುಡಿಸುವವಳ ಹಾಗೆ.
ಕತ್ತರಿಸಿದ ಬಾಲ ಮರಳಿ ಪಡೆದು ಆ ಗುಂಡಿ
ಪರದೆಯ ನಟ್ಟನಡುವೆ ಪೂರ್ತಿ ಓದಿಸಿಕೊಂಡಿತು.

ಗುರುವಾರ, ರಾತ್ರಿ ಪಾಳಿ. ಎರಡು ಹತ್ತಕ್ಕೆ ಹಾಳೆ ಹರಿಯಿತು.
ಒದ್ದೆ ಬಿಳಿ ಸುರುಳಿ ಸುರುಳಿಯಾಗಿ ನೆಲಕ್ಕೆ.
ಕಣ್ಣು ಯಂತ್ರದ ಮೇಲೇ ಇಟ್ಟು ತೈಸ್ತೊ
ಎಡಗೈ ಚಾಚಿದ, ಕೆಳಗೆ, ಮೂಲೆಗೆ.
ಹೆಬ್ಬೆರಳು ನೇರ ಹೋಗಿ
ನನ್ನ ಕಾಣದ ಸ್ಪ್ರಿಂಗನ್ನು ಒತ್ತಿತು.
ಒತ್ತಿತು. ಮತ್ತೆ ಒತ್ತಿತು.
ಕೊನೆಗೆ ಓಡಿಹೋಗಿ ಗೋಡೆಯ ಅಣ್ಣನನ್ನು ಹೊಡೆದ.

ಬೆಳಿಗ್ಗೆ ಬೈಯಲಿಲ್ಲ. ಕಾಫಿ ಸುರಿದು,
'ಇರ್ಮೆಲಿ, ನಾನು ಅದನ್ನು ಓದುತ್ತಿರಲಿಲ್ಲ' ಎಂದ.
ಉಗ್ರಾಣದಿಂದ ಹಳೆಯ ಪರದೆ ತಂದು
ತೋಳಿನಿಂದ ಧೂಳು ಒರೆಸಿ ತೋರಿಸಿದ:
ಗಾಜಿನ ಮೇಲೆ, ಕೆಳಗೆ ಎಡಕ್ಕೆ, ಒಂದು ಮಸುಕು ಮಚ್ಚೆ,
ಹೆಬ್ಬೆರಳಿನಷ್ಟು.
ಸಿಕ್ಸ್‌ಟೆನ್ ಹೊಡೆದ ಮೊಳೆಗಳಲ್ಲಿ
ಒಂದು ಇವನ ಕೈಯವರೆಗೂ ಇಳಿದಿತ್ತು.

ಕೂತು ಎಣಿಸಿದೆ. ಹಳೆಯ ಪರದೆಯ ಎತ್ತರ ಏಳುನೂರ ಅರವತ್ತೆಂಟು.
ಅವನು ಮೇಲಿನಿಂದ ಅಳೆದಿದ್ದ,
ತೈಸ್ತೊನ ಕೈ ಕೆಳಗಿನಿಂದ ಅಳೆಯುತ್ತಿತ್ತು.
ಮಿಕ್ಕವರು ಜರುಗಿಕೊಳ್ಳಲಿ. ಈ ಒಂದಕ್ಕೆ ಬರೆದೆ:
ಎಡದಿಂದ ನಲವತ್ತು, ಕೆಳಗಂಚಿನಿಂದ ಅರವತ್ತೆಂಟು,
ಕಿಟಕಿ ಎಷ್ಟೇ ಹಿಗ್ಗಲಿ;
ಹೆಸರಿನ ಬಾಲ ಬಲಕ್ಕೆ ಬೆಳೆಯಲಿ.
ಸಿಕ್ಸ್‌ಟೆನ್‌ನ ಸಾಲಿನ ಕೆಳಗೆ ನನ್ನದೂ ಒಂದು:
'ಹೆಬ್ಬೆರಳು ಇಲ್ಲಿಗೇ ಬರುತ್ತದೆ ಎಂದುಕೊಂಡಿದ್ದೇನೆ.'

ತೈಸ್ತೊ ಜೂನಿಗೆ ನಿವೃತ್ತ.
ಬದಲಿಗೆ ಬರುವ ಹುಡುಗಿ ಪಕ್ಕದ ಯಂತ್ರದಲ್ಲಿ ಕೆಲಸ ಕಲಿಯುತ್ತಿದ್ದಾಳೆ.
ನಿನ್ನೆ ನಿಂತು ನೋಡಿದೆ:
ಮೊದಲು ಓದುತ್ತಾಳೆ, ಆಮೇಲೆ
ತೋರುಬೆರಳಿನಿಂದ ಒತ್ತುತ್ತಾಳೆ.